ವಿಶ್ವವಿದ್ಯಾಲಯದ ಮಾಸ್ಟರ್ ಪ್ಲಾನ್: ಕಟ್ಟಡಗಳಿಗಿಂತ ಮೊದಲು ತೀರ್ಮಾನವಾಗಬೇಕಾದದ್ದು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ 2005ರಲ್ಲಿ ತನ್ನ ದೀರ್ಘಾವಧಿ ಅಭಿವೃದ್ಧಿ ಯೋಜನೆಯನ್ನು ಅಂಗೀಕರಿಸಿದಾಗ, 2020ರ ಹೊತ್ತಿಗೆ ತನ್ನಲ್ಲಿ 33,450 ವಿದ್ಯಾರ್ಥಿಗಳು ಇರುತ್ತಾರೆಂದು ಅಂದಾಜು ಮಾಡಿತ್ತು. 2020–21ರಲ್ಲಿ ಅಲ್ಲಿದ್ದ ವಿದ್ಯಾರ್ಥಿಗಳ ಸಂಖ್ಯೆ 42,347. ಅಂದಾಜಿಗೂ ವಾಸ್ತವಕ್ಕೂ ನಡುವೆ ಬೆಳೆದ ಈ ಒಂಬತ್ತು ಸಾವಿರದಷ್ಟು ಮಂದಿ ಎಲ್ಲಿ ವಾಸವಿರಬೇಕು, ಅವರಿಂದ ಊರಿನ ಬಾಡಿಗೆ, ರಸ್ತೆ, ಗದ್ದಲಗಳ ಮೇಲೆ ಬೀಳುವ ಹೊರೆ ಎಷ್ಟು ಎಂಬ ಪ್ರಶ್ನೆಯನ್ನು ಹಿಡಿದು ಅಕ್ಕಪಕ್ಕದ ನಿವಾಸಿಗಳ ಗುಂಪೊಂದು ರಾಜ್ಯದ ಪರಿಸರ ಕಾನೂನಿನಡಿ ನ್ಯಾಯಾಲಯದ ಮೆಟ್ಟಿಲೇರಿತು. 2021ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ದಾಖಲಾತಿಯನ್ನು 2020–21ರ ಮಟ್ಟದಿಂದ ಮೇಲೇರಿಸಕೂಡದೆಂದು ಆದೇಶಿಸಿದರು. 2022ರ ಮಾರ್ಚ್ ಮೊದಲ ವಾರ ರಾಜ್ಯದ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಪ್ರವೇಶಪತ್ರಗಳನ್ನು ಕಳುಹಿಸಬೇಕಾದ ಹೊತ್ತಿನಲ್ಲೇ ಸಾವಿರಾರು ಸೀಟುಗಳನ್ನು ಕಡಿಮೆ ಮಾಡಬೇಕಾದ ಪರಿಸ್ಥಿತಿ ಬಂತು. ಎರಡು ವಾರ ಕಳೆಯುವ ಮೊದಲೇ ರಾಜ್ಯದ ಶಾಸನಸಭೆ ತರಾತುರಿಯಲ್ಲಿ ಆ ಕಾನೂನನ್ನೇ ತಿದ್ದಿ ವಿಶ್ವವಿದ್ಯಾಲಯವನ್ನು ಪಾರುಮಾಡಿತು.

ಈ ಪ್ರಕರಣವನ್ನು ನೆರೆಹೊರೆಯವರ ಹಟದ ಕಥೆಯಾಗಿ, ಪರಿಸರ ಕಾನೂನಿನ ದುರ್ಬಳಕೆಯ ಕಥೆಯಾಗಿ ಹೇಳುವವರೇ ಹೆಚ್ಚು, ಮತ್ತು ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಕ್ಯಾಂಪಸ್ ಯೋಜನೆಯ ಕೆಲಸ ಮಾಡುವವರು ಇದರಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ. ಅಂದಾಜು ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ, ಹದಿನೈದು ವರ್ಷ ಮುಂದಿನ ಅಂದಾಜು ಯಾರು ಮಾಡಿದರೂ ತಪ್ಪುತ್ತದೆ. ಎಷ್ಟು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕೆಂಬ ತೀರ್ಮಾನ ಒಂದು ಮೇಜಿನ ಮೇಲೂ, ಅವರಿಗೆ ಬೇಕಾದ ಕೊಠಡಿ, ಹಾಸಿಗೆ, ನೀರು, ದಾರಿಗಳ ಯೋಜನೆ ಇನ್ನೊಂದು ಮೇಜಿನ ಮೇಲೂ ನಡೆಯುತ್ತ ಹೋಗಿ, ಎರಡರ ನಡುವಿನ ಅಂತರ ವರ್ಷ ವರ್ಷವೂ ಹಿಗ್ಗುತ್ತಿದ್ದರೂ ಯೋಜನೆಯ ಪುಸ್ತಕ ಕಪಾಟಿನಲ್ಲೇ ಕುಳಿತಿರುವುದು ನಿಜವಾದ ದೋಷ. ಜಗತ್ತಿನ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಈ ದೋಷವಿದೆ. ಬರ್ಕ್ಲಿಯಲ್ಲಿ ಅದು ಕಟಕಟೆಗೆ ಬಂದದ್ದರಿಂದ ಎಲ್ಲರ ಕಣ್ಣಿಗೆ ಬಿತ್ತು, ಅಷ್ಟೆ.

ಅಂದಾಜುಗಳು ಎರಡೂ ದಿಕ್ಕಿಗೆ ಹುಸಿಯಾಗುತ್ತವೆ. ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಜ್ ಕ್ಯಾಂಪಸ್ಸಿಗೆ 1963ರಲ್ಲಿ ಮೊದಲ ಯೋಜನೆ ಸಿದ್ಧವಾದಾಗ, 1990ರ ವೇಳೆಗೆ ಅಲ್ಲಿ 27,500 ವಿದ್ಯಾರ್ಥಿಗಳು ಓದುತ್ತಿರುತ್ತಾರೆ ಎಂದು ಬರೆಯಲಾಗಿತ್ತು. ಆರು ದಶಕ ಉರುಳಿದ ಮೇಲೂ ಆ ಸಂಖ್ಯೆಯನ್ನು ಅದು ಮುಟ್ಟಿಲ್ಲ. ಜಪಾನಿನಲ್ಲಿ 18 ವರ್ಷ ವಯಸ್ಸಿನವರ ಸಂಖ್ಯೆ 1992ರಲ್ಲಿ ಸುಮಾರು 20.5 ಲಕ್ಷವಿದ್ದದ್ದು ಈಗ 11 ಲಕ್ಷದ ಆಸುಪಾಸಿಗೆ ಇಳಿದಿದೆ; ಅಂದರೆ ಮೂವತ್ತು ವರ್ಷ ಬಾಳುವ ಕಟ್ಟಡವನ್ನು ಅಂದು ಕಟ್ಟಿದವರು, ಅದರ ಆಯುಷ್ಯ ಮುಗಿಯುವುದರೊಳಗೆ ಓದಲು ಬರುವ ವಯಸ್ಸಿನವರು ಅರ್ಧದಷ್ಟಾಗುವ ದೇಶದಲ್ಲಿ ಕಟ್ಟಿದ್ದರು. ಇನ್ನೊಂದು ತುದಿಯಲ್ಲಿ ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣವನ್ನು (ಕಾಲೇಜು ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ದಾಖಲಾದವರ ಪ್ರಮಾಣ) 2018ರ ಶೇ 26.3ರಿಂದ 2035ರೊಳಗೆ ಶೇ 50ಕ್ಕೆ ಏರಿಸುವ ಗುರಿಯನ್ನು ಇಟ್ಟುಕೊಂಡಿದೆ. ಒಂದು ಕಡೆ ಕುಗ್ಗುವುದಕ್ಕೆ ಯೋಜನೆ ಬೇಕು, ಇನ್ನೊಂದು ಕಡೆ ಹಿಗ್ಗುವುದಕ್ಕೆ. ಎರಡರಲ್ಲೂ ಒಂದೇ ಸಂಖ್ಯೆಯನ್ನು ನಂಬಿ ಕಾಂಕ್ರೀಟು ಸುರಿಯುವುದು ಜೂಜಾಟವೇ.

ಜಪಾನಿನ ಅನುಭವದಲ್ಲಿ ಇನ್ನೂ ಒಂದು ಪಾಠವಿದೆ. ರಾಜಧಾನಿಯ ದಟ್ಟಣೆಯನ್ನು ತಗ್ಗಿಸಲೆಂದು 1959ರಲ್ಲಿ ಬಂದ ಕಾನೂನು, ಕಾರ್ಖಾನೆಗಳ ಜೊತೆಗೆ ವಿಶ್ವವಿದ್ಯಾಲಯಗಳ ದೊಡ್ಡ ತರಗತಿ ಕಟ್ಟಡಗಳಿಗೂ ಟೋಕಿಯೊ ನಗರದ ಒಳಭಾಗದಲ್ಲಿ ಕಡಿವಾಣ ಹಾಕಿತು. ಬೆಳೆಯಬೇಕೆಂದಿದ್ದ ಸಂಸ್ಥೆಗಳು ಹೊರವಲಯದ ಗುಡ್ಡಗಳತ್ತ ನಡೆದವು. ಚುಓ ವಿಶ್ವವಿದ್ಯಾಲಯ 1978ರಲ್ಲಿ ನಗರದ ನಡುವಿನಿಂದ ತಾಮಾ ಪ್ರದೇಶಕ್ಕೆ ಹೋಯಿತು. ಆಓಯಾಮಾ ಗಾಕುಯಿನ್ 1982ರಲ್ಲಿ ಅತ್ಸುಗಿಯಲ್ಲಿ ಹೊಸ ಕ್ಯಾಂಪಸ್ ತೆರೆದು 2003ರಲ್ಲಿ ಮುಚ್ಚಿತು, ಕೇವಲ 21 ವರ್ಷ. 2002ರಲ್ಲಿ ಆ ಕಾನೂನು ರದ್ದಾದದ್ದೇ ತಡ, ನಗರಕ್ಕೆ ಮರಳುವ ಓಟ ಶುರುವಾಯಿತು. ಚುಓದ ಕಾನೂನು ವಿಭಾಗ 2023ರ ಏಪ್ರಿಲ್‌ನಲ್ಲಿ ಮತ್ತೆ ಟೋಕಿಯೊದ ಒಳಗೇ ಬಂದು ಕುಳಿತಿತು. ಊರ ಹೊರಗೆ ಅಗ್ಗದ ವಿಶಾಲ ಜಮೀನು ಸಿಕ್ಕಿತೆಂದು ಹೋದವರು ದೂರದ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ಬೆಲೆಯನ್ನು ಮೊದಲು ತೆರುವವರು ದಿನಾ ಓಡಾಡುವ ವಿದ್ಯಾರ್ಥಿಗಳು. ಅರ್ಜಿ ಹಾಕುವವರು ಕಡಿಮೆಯಾದಾಗ ಸಂಸ್ಥೆಯೂ ತೆರಬೇಕಾಗುತ್ತದೆ.

ಹಾಗಿದ್ದರೆ ಭವಿಷ್ಯ ಗೊತ್ತಿಲ್ಲದಿರುವಾಗ ದೀರ್ಘಾವಧಿ ಯೋಜನೆಗೆ ಅರ್ಥವೇನು? ನನ್ನ ಮಟ್ಟಿಗೆ ಉತ್ತರ ಸರಳವಾಗಿದೆ, ಪಾಲಿಸುವುದು ಮಾತ್ರ ಕಷ್ಟ. ಮುಂದೆ ತಿದ್ದಲು ಆಗದಂಥ ತೀರ್ಮಾನಗಳನ್ನು ಗುರುತಿಸಿ ಅವುಗಳ ಮೇಲೆ ಮಾತ್ರ ಬಿಗಿ ಹಿಡಿತ ಇಟ್ಟುಕೊಳ್ಳಬೇಕು, ಉಳಿದದ್ದನ್ನು ಸಡಿಲ ಬಿಡಬೇಕು. ಕ್ಯಾಂಪಸ್ಸಿನಲ್ಲಿ ಒಂದೊಂದಕ್ಕೂ ಒಂದೊಂದು ಆಯುಷ್ಯವಿದೆ. ಜಮೀನು ಮತ್ತು ಮುಖ್ಯ ದಾರಿಗಳು ಶತಮಾನಗಳ ಕಾಲ ಉಳಿಯುತ್ತವೆ, ನೆಲದಡಿಯ ಕೊಳವೆ, ಚರಂಡಿ, ಕೇಬಲ್‌ಗಳು ಅರ್ಧ ಶತಮಾನ, ಕಟ್ಟಡದ ಚೌಕಟ್ಟು ಅಷ್ಟೋ ಅದಕ್ಕಿಂತ ಹೆಚ್ಚೋ, ವಿದ್ಯುತ್ ಮತ್ತು ಹವಾನಿಯಂತ್ರಣದ ಯಂತ್ರಗಳು ಇಪ್ಪತ್ತು ವರ್ಷ, ಒಳಗೋಡೆಗಳು ಹತ್ತು ಹದಿನೈದು ವರ್ಷ, ಪಠ್ಯಕ್ರಮ ಐದು ವರ್ಷ. ಸಾಮಾನ್ಯವಾಗಿ ಮಾಸ್ಟರ್ ಪ್ಲಾನ್ ಎಂದು ನಮ್ಮ ಮುಂದೆ ತೆರೆದಿಡುವ ಬಣ್ಣದ ಚಿತ್ರ ಇವೆಲ್ಲವನ್ನೂ ಒಂದೇ ಹಾಳೆಯ ಮೇಲೆ ಒಂದೇ ದಪ್ಪದ ಗೆರೆಯಲ್ಲಿ ಬರೆದಿರುತ್ತದೆ. ಹತ್ತು ವರ್ಷದಲ್ಲಿ ಅನಗತ್ಯವಾಗಬಹುದಾದ ವಿಶೇಷ ಅಧ್ಯಯನ ಕೇಂದ್ರಕ್ಕೆ ಅದರಲ್ಲಿ ಹೆಸರು, ಆಕಾರ, ಗಾಜಿನ ಮುಂಭಾಗ ಎಲ್ಲವೂ ಇರುತ್ತದೆ. ನೂರು ವರ್ಷ ಬದಲಾಯಿಸಲಾಗದ ರಸ್ತೆಯ ಅಗಲದ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಉದಾಹರಣೆಯನ್ನು ಇಲ್ಲಿ ನೋಡಬಹುದು. ಭೂದೃಶ್ಯ ವಿನ್ಯಾಸಕಾರ ಫ್ರೆಡರಿಕ್ ಲಾ ಓಮ್‌ಸ್ಟೆಡ್ 1888ರಲ್ಲಿ ಕೊಟ್ಟ ನಕ್ಷೆಯಲ್ಲಿ, ನಡುವೆ ಒಂದು ದೊಡ್ಡ ಚೌಕದ ಅಂಗಳ, ಅದರ ಸುತ್ತ ಕಂಬಸಾಲಿನ ಕಟ್ಟಡಗಳು, ಮುಂದೆ ಸಂಸ್ಥೆ ಬೆಳೆದಾಗ ಅದೇ ಬಗೆಯ ಚೌಕಗಳನ್ನು ಪೂರ್ವ ಪಶ್ಚಿಮವಾಗಿ ಜೋಡಿಸುತ್ತ ಹೋಗುವ ಒಂದು ಅಚ್ಚು ಇತ್ತು. ಇಪ್ಪತ್ತನೇ ಶತಮಾನದ ಬಹುಭಾಗ ಆ ಅಚ್ಚನ್ನು ಮರೆತು ಎಲ್ಲೆಂದರಲ್ಲಿ ಕಟ್ಟಲಾಯಿತು. ಶತಮಾನದ ಕೊನೆಯಲ್ಲಿ ವಿಜ್ಞಾನ ಮತ್ತು ಎಂಜಿನಿಯರಿಂಗ್ ಚೌಕವನ್ನು ಕಟ್ಟಬೇಕಾದಾಗ ಮತ್ತೆ ಆ ಹಳೆಯ ಗೆರೆಗೇ ಮರಳಿದರು. ನೂರು ವರ್ಷ ಅಲಕ್ಷ್ಯಕ್ಕೆ ಒಳಗಾಗಿಯೂ ಮತ್ತೆ ಕೈಗೆ ಸಿಗುವಂತಿದ್ದದ್ದೇ ಆ ಯೋಜನೆಯ ಗಟ್ಟಿತನ. ಯಾವ ವಿಭಾಗಕ್ಕೆ ಎಷ್ಟು ಕೊಠಡಿ ಎಂಬುದಕ್ಕೆ ಅದು ಅಂಟಿಕೊಂಡಿರಲಿಲ್ಲ. ಬೆಳವಣಿಗೆ ಯಾವ ದಿಕ್ಕಿಗೆ, ಯಾವ ಕ್ರಮದಲ್ಲಿ ಎಂಬುದನ್ನಷ್ಟೇ ಹೇಳಿತ್ತು. ಜೊತೆಗೆ ಸ್ಥಾಪಕರು ಕೊಟ್ಟ 8,000ಕ್ಕೂ ಹೆಚ್ಚು ಎಕರೆ ಜಮೀನನ್ನು ಮಾರಕೂಡದೆಂಬ ಷರತ್ತು ದಾನಪತ್ರದಲ್ಲೇ ಇತ್ತು. ಹಣ ಬೇಕಾದಾಗ ಮಾರುವ ದಾರಿ ಮುಚ್ಚಿದ್ದರಿಂದ 1951ರಲ್ಲಿ ಒಂದಷ್ಟು ಜಮೀನನ್ನು ಕೈಗಾರಿಕಾ ಸಂಶೋಧನೆಗೆ ಗುತ್ತಿಗೆ ಕೊಟ್ಟು ಆದಾಯ ಮಾಡಿಕೊಂಡರು, ಒಡೆತನ ಉಳಿಯಿತು.

ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಇದರ ಮಗ್ಗುಲಿನ ಕಥೆ. ಥಾಮಸ್ ಜೆಫರ್ಸನ್ ರೂಪಿಸಿದ, 1825ರಲ್ಲಿ ತರಗತಿಗಳು ಆರಂಭವಾದ ಆ ಕ್ಯಾಂಪಸ್ಸಿನಲ್ಲಿ ಹುಲ್ಲುಹಾಸಿನ ಮೂರು ಬದಿ ಕಟ್ಟಡಗಳು, ದಕ್ಷಿಣದ ಬದಿ ಮಾತ್ರ ತೆರೆದೇ ಇತ್ತು. 1895ರಲ್ಲಿ ಗುಮ್ಮಟದ ಕಟ್ಟಡಕ್ಕೆ ಬೆಂಕಿ ಬಿದ್ದ ನಂತರ, ಹೊಸ ಕೊಠಡಿಗಳ ತುರ್ತಿನಲ್ಲಿ ಆ ತೆರೆದ ತುದಿಗೇ ಕಟ್ಟಡಗಳನ್ನು ತಂದು ನಿಲ್ಲಿಸಿದರು. ಅವು ಕೆಟ್ಟ ಕಟ್ಟಡಗಳೇನಲ್ಲ. ಆದರೆ ಒಂದು ಸಲ ಮುಚ್ಚಿದ ನೋಟವನ್ನು ಮತ್ತೆ ತೆರೆಯುವುದು ಆ ಮೇಲೆ ಯಾರಿಂದಲೂ ಆಗಲಿಲ್ಲ. ನಕ್ಷೆಯ ಮೇಲೆ ಖಾಲಿ ಕಾಣುವ ಜಾಗ ಬೇಕೆಂದೇ ಬಿಟ್ಟದ್ದೋ, ಇನ್ನೂ ಬಳಸದೆ ಉಳಿದದ್ದೋ ಎಂಬುದನ್ನು ಬರೆದಿಡದಿದ್ದರೆ, ತುರ್ತು ಬಂದಾಗ ಎಲ್ಲ ಖಾಲಿ ಜಾಗವೂ ನಿವೇಶನವಾಗಿಯೇ ಕಾಣುತ್ತದೆ.

ಇಡೀ ನಕ್ಷೆಯ ಕಲ್ಪನೆಯನ್ನೇ ಕೈಬಿಟ್ಟವರೂ ಇದ್ದಾರೆ. 1970ರ ದಶಕದ ಆರಂಭದಲ್ಲಿ ಆರೆಗಾನ್ ವಿಶ್ವವಿದ್ಯಾಲಯ, ವಿದ್ಯಾರ್ಥಿಗಳ ಪ್ರತಿಭಟನೆಗಳ ಬಳಿಕ, ವಾಸ್ತುಶಿಲ್ಪಿ ಕ್ರಿಸ್ಟೊಫರ್ ಅಲೆಕ್ಸಾಂಡರ್ ಮತ್ತು ಅವರ ಸಂಗಡಿಗರನ್ನು ಕರೆಯಿತು. ಅವರು ಅಂತಿಮ ಚಿತ್ರ ಬರೆದುಕೊಡಲು ಒಪ್ಪಲಿಲ್ಲ. ಕಟ್ಟಡವನ್ನು ಬಳಸುವವರೇ ವಿನ್ಯಾಸದಲ್ಲಿ ಪಾಲುಗೊಳ್ಳಬೇಕು, ಹಣವೆಲ್ಲ ಒಂದೇ ದೊಡ್ಡ ಕಟ್ಟಡಕ್ಕೆ ಹೋಗದೆ ಸಣ್ಣ ಕೆಲಸಗಳಿಗೂ ಹಂಚಿಕೆಯಾಗಬೇಕು, ಪ್ರತಿ ವರ್ಷ ಇಡೀ ಆವರಣವನ್ನು ಸುತ್ತಿ ಯಾವ ಜಾಗ ಜೀವಂತವಾಗಿದೆ, ಯಾವುದು ಸತ್ತಿದೆ ಎಂದು ಗುರುತಿಸಿ ನಕ್ಷೆ ಮಾಡಬೇಕು ಎಂಬಂಥ ತತ್ತ್ವಗಳನ್ನು ಮುಂದಿಟ್ಟರು. ಆ ತತ್ತ್ವಗಳ ಪ್ರಭಾವ ಅಲ್ಲಿನ ಯೋಜನೆಯಲ್ಲಿ ಈಗಲೂ ಉಳಿದಿದೆ. ಈ ದಾರಿಗೂ ಮಿತಿಯಿದೆ: ಚರಂಡಿಯನ್ನು ತುಂಡು ತುಂಡಾಗಿ, ಬಳಕೆದಾರರ ಸಭೆ ನಡೆಸಿ ಬೆಳೆಸಲು ಬರುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಆವರಣವನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬರುವ ಆ ಒಂದು ಅಭ್ಯಾಸ, ಐದು ವರ್ಷಕ್ಕೊಮ್ಮೆ ಸಲಹೆಗಾರರು ಬಂದು ತೋರಿಸುವ ಪ್ರದರ್ಶನಕ್ಕಿಂತ ಹೆಚ್ಚಿನದನ್ನು ಕಲಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬದಲಾವಣೆಗೆ ಜಾಗ ಬಿಡುವುದು ಎಂದರೆ ಎಲ್ಲವನ್ನೂ ಕಳಚಿ ಜೋಡಿಸುವಂತೆ ಕಟ್ಟುವುದು ಎಂದು ತಿಳಿದು ಮೋಸ ಹೋದವರೂ ಉಂಟು. ಬರ್ಲಿನ್ನಿನ ಫ್ರೀ ಯೂನಿವರ್ಸಿಟಿಯಲ್ಲಿ 1963ರ ಸ್ಪರ್ಧೆಯಲ್ಲಿ ಗೆದ್ದ ವಿನ್ಯಾಸದಂತೆ 1973ರಲ್ಲಿ ತೆರೆದ ಕಟ್ಟಡ ಇಂಥದ್ದು. ಅಗತ್ಯಕ್ಕೆ ತಕ್ಕಂತೆ ಗೋಡೆ ಫಲಕಗಳನ್ನು ಬಿಚ್ಚಿ ಬೇರೆಡೆ ಜೋಡಿಸಬಹುದು ಎಂಬುದು ಅದರ ಹೆಗ್ಗಳಿಕೆಯಾಗಿತ್ತು. ಹೊರಮೈಗೆ ಬಳಸಿದ ಉಕ್ಕು ಮೇಲ್ಪದರ ಮಾತ್ರ ತುಕ್ಕು ಹಿಡಿದು ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲದೆ ಒಳಕ್ಕೆ ತಿನ್ನುತ್ತ ಹೋಯಿತು. ಜನ ಅದನ್ನು ತುಕ್ಕಿನ ಗೂಡು ಎಂದೇ ಕರೆದರು. ಕಡೆಗೆ ಇಡೀ ಹೊರಮೈಯನ್ನು ಬದಲಾಯಿಸಿ ನವೀಕರಿಸಬೇಕಾಯಿತು. ಇದಕ್ಕೆ ಎದುರಾಗಿ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ 1916ರ ಮುಖ್ಯ ಕಟ್ಟಡಗಳು ಯಾವ ಚಮತ್ಕಾರವನ್ನೂ ಮಾಡಲಿಲ್ಲ. ಎತ್ತರದ ಚಾವಣಿ, ದೊಡ್ಡ ಕಿಟಕಿ, ಎಲ್ಲ ವಿಭಾಗಗಳನ್ನೂ ಹಾದುಹೋಗುವ ಸುಮಾರು 250 ಮೀಟರ್ ಉದ್ದದ ಒಂದೇ ಮೊಗಸಾಲೆ. ವಿಭಾಗಗಳಿಗೆ ಪ್ರತ್ಯೇಕ ಕಟ್ಟಡಗಳಿಲ್ಲದ್ದರಿಂದ ಒಂದು ಹಿಗ್ಗಿ ಇನ್ನೊಂದು ಕುಗ್ಗಿದಾಗ ಬಾಗಿಲ ಮೇಲಿನ ಫಲಕ ಬದಲಾದರೆ ಸಾಕಾಗಿತ್ತು. ಬಿಚ್ಚುವ ಗೋಡೆಗಿಂತ ಒಂದಿಷ್ಟು ಹೆಚ್ಚು ಎತ್ತರ, ಒಂದಿಷ್ಟು ಹೆಚ್ಚು ಅಗಲ, ಹೆಚ್ಚುವರಿ ಭಾರ ಹೊರುವ ನೆಲ ಇವು ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತವೆ. ಪಾಡು ಏನೆಂದರೆ, ವೆಚ್ಚ ಕಡಿತದ ಸಭೆಯಲ್ಲಿ ಮೊದಲು ಕತ್ತರಿ ಬೀಳುವುದು ಇವುಗಳ ಮೇಲೆಯೇ.

ಇನ್ನು ಹೊಸ ಕಟ್ಟಡ ಬೇಕೇ ಎಂಬ ಮೂಲ ಪ್ರಶ್ನೆಗೆ ಬರೋಣ. ಜಾಗ ಸಾಲದು ಎಂಬ ದೂರು ಇಲ್ಲದ ವಿಭಾಗ ಜಗತ್ತಿನಲ್ಲಿ ಎಲ್ಲೂ ಇಲ್ಲ. ಆದರೆ ಯಾವುದೇ ಕ್ಯಾಂಪಸ್ಸಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಸುತ್ತು, ಸಂಜೆ ನಾಲ್ಕಕ್ಕೆ ಮತ್ತೊಂದು ಸುತ್ತು ಹೊಡೆದು ನೋಡಿದರೆ ಚಿತ್ರ ಬೇರೆ ಕಾಣುತ್ತದೆ. ಹನ್ನೊಂದಕ್ಕೆ ಉಪನ್ಯಾಸ ಕೊಠಡಿಯ ಹೊರಗೆ ಒಳಗಿನ ತರಗತಿ ಮುಗಿಯಲೆಂದು ಐವತ್ತು ಮಂದಿ ಗೋಡೆಗೆ ಒರಗಿ ನಿಂತಿರುತ್ತಾರೆ. ನಾಲ್ಕಕ್ಕೆ ಅದೇ ಕೊಠಡಿಯಲ್ಲಿ ದೀಪ ಉರಿಯುತ್ತಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ಕಪ್ಪುಹಲಗೆಯ ಮೇಲೆ ಬೆಳಗಿನ ಸಮೀಕರಣ ಅರ್ಧ ಅಳಿಸಿದ ಸ್ಥಿತಿಯಲ್ಲಿರುತ್ತದೆ, ಮನುಷ್ಯರು ಮಾತ್ರ ಇರುವುದಿಲ್ಲ. ಪಕ್ಕದ ನೂರಿಪ್ಪತ್ತು ಆಸನಗಳ ಕೊಠಡಿಯಲ್ಲಿ ಮೂವತ್ತು ಮಂದಿಯ ತರಗತಿ ನಡೆಯುತ್ತಿರುತ್ತದೆ, ಏಕೆಂದರೆ ಆ ಕೊಠಡಿ ಆ ವಿಭಾಗದ್ದು, ಬೀಗದ ಕೈ ಆ ವಿಭಾಗದ ಕಚೇರಿಯಲ್ಲಿದೆ.

ಇದನ್ನು ಅಳೆಯುವ ರೂಢಿಯ ಕ್ರಮವೊಂದಿದೆ. ವಾರದ ಒಟ್ಟು ತರಗತಿ ಗಂಟೆಗಳಲ್ಲಿ ಕೊಠಡಿ ಎಷ್ಟು ಗಂಟೆ ಬಳಕೆಯಾಗುತ್ತದೆ ಎಂಬುದು ಒಂದು ಅಳತೆ, ಬಳಕೆಯಾದಾಗ ಅದರ ಆಸನಗಳಲ್ಲಿ ಎಷ್ಟು ಭರ್ತಿಯಾಗುತ್ತವೆ ಎಂಬುದು ಇನ್ನೊಂದು. ಎರಡನ್ನೂ ಗುಣಿಸಿದರೆ ಬಳಕೆ ಪ್ರಮಾಣ ಸಿಗುತ್ತದೆ. ಕೊಠಡಿ ಅರವತ್ತು ಪ್ರತಿಶತ ಗಂಟೆಗಳಲ್ಲಿ ಬಳಕೆಯಾಗಿ, ಆಗ ಅರ್ಧ ಆಸನಗಳು ತುಂಬಿದ್ದರೆ, ಬಳಕೆ ಮೂವತ್ತು ಪ್ರತಿಶತ ಮಾತ್ರ. ಕೇಳಿದವರು ಬೆಚ್ಚಿಬೀಳುವ ಈ ಅಂಕಿ ವಾಸ್ತವದಲ್ಲಿ ಅಪರೂಪದ್ದಲ್ಲ. ನೂರು ಪ್ರತಿಶತ ಬಳಕೆ ಸಾಧ್ಯವೂ ಅಲ್ಲ, ಒಳ್ಳೆಯದೂ ಅಲ್ಲ. ಕೊಠಡಿಗಳಿಗೆ ಉಸಿರಾಡಲು ಬಿಡುವು ಬೇಕು, ಪ್ರಯೋಗಾಲಯವನ್ನು ತರಗತಿ ಕೊಠಡಿಯ ಮಾನದಂಡದಿಂದ ಅಳೆಯುವುದು ಅನ್ಯಾಯ. ಆದರೂ ವೇಳಾಪಟ್ಟಿಯನ್ನು ಕೇಂದ್ರವಾಗಿ ಹೊಂದಿಸಿ, ಕೊಠಡಿಗಳನ್ನು ವಿಭಾಗಗಳ ಹಿಡಿತದಿಂದ ಬಿಡಿಸಿ, ತರಗತಿಯ ಗಾತ್ರಕ್ಕೂ ಕೊಠಡಿಯ ಗಾತ್ರಕ್ಕೂ ತಾಳೆ ಹಾಕಿದರೆ, ಅದೆಷ್ಟೋ ಕಡೆ ಹೊಸ ಕಟ್ಟಡದ ಪ್ರಸ್ತಾವವನ್ನೇ ಹಲವು ವರ್ಷ ಮುಂದೂಡಬಹುದು. ಕಾಂಕ್ರೀಟಿಗಿಂತ ವೇಳಾಪಟ್ಟಿ ಅಗ್ಗ. ಅದಕ್ಕೆ ಬೇಕಾದ ಧೈರ್ಯ ಮಾತ್ರ ದುಬಾರಿ: ಒಬ್ಬ ಹಿರಿಯ ಪ್ರಾಧ್ಯಾಪಕರಿಗೆ ನಿಮ್ಮ ತರಗತಿ ನಾಲ್ಕು ಗಂಟೆಗೆ ಎಂದು ಹೇಳುವುದಕ್ಕಿಂತ ಕೋಟಿಗಟ್ಟಲೆ ಹಣದ ಕಟ್ಟಡಕ್ಕೆ ಅನುಮೋದನೆ ಪಡೆಯುವುದು ಸುಲಭ ಎಂದು ಭಾವಿಸುವ ಆಡಳಿತಗಾರರು ಕಡಿಮೆಯೇನಿಲ್ಲ.

ಕಟ್ಟಿದ್ದನ್ನು ಕಾಪಾಡುವ ಹಣದ ವಿಷಯ ಇದಕ್ಕಿಂತಲೂ ಕಹಿಯಾದದ್ದು. ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲಿದೆ, ಉದ್ಘಾಟನೆಯ ಫಲಕವಿದೆ, ದಾನಿಯ ಹೆಸರಿದೆ. ಸೋರುವ ಚಾವಣಿಯನ್ನು ಸೋರದಂತೆ ಮಾಡಿದ ದಿನಕ್ಕೆ ಫಲಕ ಹಾಕಿದ್ದನ್ನು ನಾನಂತೂ ಎಲ್ಲೂ ನೋಡಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1990ರಲ್ಲಿ ಸಾರ್ವಜನಿಕ ಕಟ್ಟಡಗಳ ಕುರಿತು ಕೊಟ್ಟ ವರದಿಯಲ್ಲಿ, ಒಟ್ಟು ಕಟ್ಟಡಗಳನ್ನು ಇಂದಿನ ದರದಲ್ಲಿ ಮತ್ತೆ ಕಟ್ಟಲು ತಗಲುವ ವೆಚ್ಚದ ಶೇ 2ರಿಂದ 4ರಷ್ಟನ್ನು ಪ್ರತಿ ವರ್ಷ ನಿರ್ವಹಣೆ ಮತ್ತು ದುರಸ್ತಿಗೆ ಇಡಬೇಕೆಂದು ಹೇಳಿತ್ತು. ಈ ಲೆಕ್ಕವನ್ನು ಕ್ಯಾಂಪಸ್ ಯೋಜನೆಯವರು ಇಂದಿಗೂ ಉಲ್ಲೇಖಿಸುತ್ತಾರೆ, ಪಾಲಿಸುವವರು ವಿರಳ. ಇಡದೆ ಹೋದ ಹಣ ಉಳಿತಾಯವಾಗುವುದಿಲ್ಲ, ಬಾಕಿ ದುರಸ್ತಿ ಎಂಬ ಹೆಸರಿನಲ್ಲಿ ಗೋಡೆಯೊಳಗೆ ಸಾಲವಾಗಿ ಕೂರುತ್ತದೆ. ಆ ಬಾಕಿಯನ್ನು ಮರುನಿರ್ಮಾಣದ ವೆಚ್ಚದಿಂದ ಭಾಗಿಸಿದರೆ ಕಟ್ಟಡದ ಸ್ಥಿತಿ ಸೂಚ್ಯಂಕ ಸಿಗುತ್ತದೆ. ಅಂಕಿ ಹೆಚ್ಚಾದಷ್ಟೂ ಕಟ್ಟಡದ ಆರೋಗ್ಯ ಕೆಟ್ಟದ್ದು. ಪ್ರತಿಯೊಂದು ಕಟ್ಟಡಕ್ಕೂ ಈ ಸೂಚ್ಯಂಕವನ್ನು ಕಂಡುಹಿಡಿಯದೆ ಬರೆದ ಮಾಸ್ಟರ್ ಪ್ಲಾನ್, ಸಾಲದ ಲೆಕ್ಕ ತೋರಿಸದ ಆಯವ್ಯಯವಿದ್ದಂತೆ.

ಈ ಸಾಲ ಯಾವ ರೂಪದಲ್ಲಿ ವಸೂಲಿಗೆ ಬರುತ್ತದೆ ಎಂಬುದಕ್ಕೆ ವೆನೆಜುವೆಲಾದ ಕರಾಕಸ್‌ನ ವಿಶ್ವವಿದ್ಯಾಲಯ ನಗರ ಸಾಕ್ಷಿ. ವಾಸ್ತುಶಿಲ್ಪಿ ಕಾರ್ಲೋಸ್ ರಾವುಲ್ ವಿಯಾನುವೆವಾ ರೂಪಿಸಿದ ಆ ಆವರಣ 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2020ರ ಜೂನ್‌ನಲ್ಲಿ ಅದರ ಪ್ರಸಿದ್ಧವಾದ ಮುಚ್ಚಿದ ಕಾಲುದಾರಿಗಳ ಒಂದು ಭಾಗ ಕುಸಿದುಬಿತ್ತು. ಪ್ಯಾರಿಸ್ಸಿನ ಜುಸ್ಯೂ ಕ್ಯಾಂಪಸ್ಸಿನದು ಇನ್ನೊಂದು ಬಗೆಯ ವಸೂಲಿ. 1960ರ ದಶಕದಲ್ಲಿ ಬೆಂಕಿಯಿಂದ ರಕ್ಷಣೆಗೆಂದು ಉಕ್ಕಿನ ಚೌಕಟ್ಟಿಗೆ ಬಳಿದ, ಉಸಿರಿನೊಳಗೆ ಹೋದರೆ ಅಪಾಯಕಾರಿಯಾದ ಕಲ್ನಾರನ್ನು (ಆಸ್‌ಬೆಸ್ಟಾಸ್) ತೆಗೆದು ಕಟ್ಟಡಗಳನ್ನು ಸರಿಪಡಿಸುವ ಕೆಲಸ 1990ರ ದಶಕದ ಮಧ್ಯದಲ್ಲಿ ಶುರುವಾಗಿ 2016ರವರೆಗೂ ನಡೆಯಿತು. ಸುಮಾರು ಇಪ್ಪತ್ತು ವರ್ಷ ಆ ಸಂಸ್ಥೆಯ ವಿಭಾಗಗಳು ಒಂದೆಡೆಯಿಂದ ಇನ್ನೊಂದೆಡೆಗೆ ಗಂಟುಮೂಟೆ ಕಟ್ಟುತ್ತಲೇ ಇದ್ದವು.

ಅಹಮದಾಬಾದಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಪ್ರಸಂಗ ಹೆಚ್ಚು ಜಟಿಲವಾದದ್ದು. ಲೂಯಿ ಕಾನ್ ವಿನ್ಯಾಸಗೊಳಿಸಿದ ಇಟ್ಟಿಗೆಯ ಹಾಸ್ಟೆಲುಗಳ 18 ಕಟ್ಟಡಗಳಲ್ಲಿ 14ನ್ನು ಕೆಡವಿ ಹೊಸದಾಗಿ ಕಟ್ಟುವುದಾಗಿ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದಾಗ ದೇಶ ವಿದೇಶಗಳ ವಾಸ್ತುಶಿಲ್ಪಿಗಳು ಪ್ರತಿಭಟಿಸಿದರು. 2021ರ ಜನವರಿ ಮೊದಲ ದಿನವೇ ಆ ನಿರ್ಧಾರವನ್ನು ಸಂಸ್ಥೆ ಹಿಂದೆಗೆದುಕೊಂಡಿತು. ಸೋರುವ ಚಾವಣಿ, ಸವೆದ ಇಟ್ಟಿಗೆ, 2001ರ ಭೂಕಂಪದ ಪೆಟ್ಟು ಎಲ್ಲವೂ ನಿಜ. ಅಲ್ಲಿ ಮಲಗುವ ವಿದ್ಯಾರ್ಥಿಯ ಸುರಕ್ಷತೆಯನ್ನು ಪರಂಪರೆಯ ಹೆಸರಿನಲ್ಲಿ ಪಣಕ್ಕಿಡಬೇಕೆಂದು ಯಾರೂ ಹೇಳಲಾರರು. ಆದರೆ ಅದೇ ಆವರಣದ ಗ್ರಂಥಾಲಯವನ್ನು ದುರಸ್ತಿ ಮಾಡಿದ ರೀತಿಗೆ 2019ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂದಿತ್ತು. ಅಂದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು, ಯಾವ ಪರೀಕ್ಷೆಯ ಆಧಾರದ ಮೇಲೆ ಎಂಬ ಚರ್ಚೆ ಕೆಡವುವ ಸುತ್ತೋಲೆಗಿಂತ ಹತ್ತು ವರ್ಷ ಮೊದಲು, ಯೋಜನೆಯೊಳಗೆ, ಎಲ್ಲರಿಗೂ ತಿಳಿಯುವಂತೆ ನಡೆಯಬೇಕಾಗಿತ್ತು.

ಇತ್ತೀಚಿನ ವರ್ಷಗಳಲ್ಲಿ ಯೋಜನೆಗಳ ಮುಖಪುಟಕ್ಕೆ ಬಂದಿರುವುದು ಇಂಗಾಲ ಹೊರಸೂಸುವಿಕೆಯ ಪ್ರಶ್ನೆ. ಇಲ್ಲಿಯೂ ತೀರ್ಮಾನವಾಗುವುದು ಚಾವಣಿಯ ಮೇಲಿನ ಸೌರಫಲಕಗಳಲ್ಲಿ ಅಷ್ಟಾಗಿ ಅಲ್ಲ, ನೆಲದಡಿಯ ಕೊಳವೆಗಳಲ್ಲಿ. ಚಳಿ ಪ್ರದೇಶದ ಹಳೆಯ ಕ್ಯಾಂಪಸ್ಸುಗಳಲ್ಲಿ ಒಂದು ಕೇಂದ್ರ ಬಾಯ್ಲರಿನಿಂದ ಹಬೆ ಎಲ್ಲ ಕಟ್ಟಡಗಳಿಗೂ ಹರಿಯುತ್ತದೆ. ಹಬೆಗೆ ಹೆಚ್ಚಿನ ಉಷ್ಣತೆ ಬೇಕು, ಅದಕ್ಕೆ ಸಾಮಾನ್ಯವಾಗಿ ಏನನ್ನಾದರೂ ಸುಡಬೇಕಾಗುತ್ತದೆ. ಬಿಸಿನೀರಿನ ಜಾಲಕ್ಕೆ ಬದಲಾದರೆ ಕಡಿಮೆ ಉಷ್ಣತೆ ಸಾಕು, ಆಗ ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಹೀಟ್ ಪಂಪ್ ಬಳಸಬಹುದು, ಒಂದು ಕಟ್ಟಡವನ್ನು ತಂಪುಮಾಡುವಾಗ ಹೊರಬಿದ್ದ ಶಾಖವನ್ನು ಇನ್ನೊಂದಕ್ಕೆ ಕೊಡಬಹುದು. ಸ್ಟ್ಯಾನ್‌ಫರ್ಡ್ 2015ರಲ್ಲಿ ಈ ಬದಲಾವಣೆಯನ್ನು ಮುಗಿಸಿತು. ಅದಕ್ಕಾಗಿ ಸುಮಾರು 35 ಕಿ.ಮೀ. ಕೊಳವೆ ಹಾಕಿ, ನೂರೈವತ್ತರಷ್ಟು ಕಟ್ಟಡಗಳ ಸಂಪರ್ಕವನ್ನು ಹಬೆಯಿಂದ ಬಿಸಿನೀರಿಗೆ ಬದಲಾಯಿಸಬೇಕಾಯಿತು. ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ 2009ರಲ್ಲಿ ಕೆಲಸ ಆರಂಭಿಸಿ, ಸುಮಾರು 3,600 ಕೊಳವೆಬಾವಿಗಳನ್ನು ಕೊರೆದು ನೆಲದೊಳಗಿನ ಸ್ಥಿರ ಉಷ್ಣತೆಯನ್ನು ಬಳಸಿಕೊಂಡು, ಕಲ್ಲಿದ್ದಲು ಸುಡುವುದನ್ನು 2014ರಲ್ಲಿ ನಿಲ್ಲಿಸಿತು. ಇಂಥ ಕೆಲಸಕ್ಕೆ ಖಾಲಿ ಮೈದಾನಗಳು ಬೇಕು, ರಸ್ತೆಗಳನ್ನು ಅಗೆಯಬೇಕು, ಕಟ್ಟಡಗಳನ್ನು ಸರದಿಯ ಪ್ರಕಾರ ಮುಟ್ಟಬೇಕು. ಆ ನಡುವೆ ಮೈದಾನದಲ್ಲೊಂದು ಸಭಾಂಗಣ ಎದ್ದುಬಿಟ್ಟರೆ, ಅಥವಾ ಹೊಸ ಕಟ್ಟಡವೊಂದನ್ನು ಹಳೆಯ ಹಬೆಯ ಜಾಲಕ್ಕೇ ಜೋಡಿಸಿದರೆ, ಮುಂದಿನ ಮೂವತ್ತು ವರ್ಷದ ದಾರಿ ಅಲ್ಲೇ ಕಟ್ಟಿಕೊಳ್ಳುತ್ತದೆ.

ಹಣದ ಅನಿಶ್ಚಿತತೆಗೆ ಹಾರ್ವರ್ಡಿಗಿಂತ ಬೇರೆ ಉದಾಹರಣೆ ಬೇಕಿಲ್ಲ, ಏಕೆಂದರೆ ಅದು ಅತ್ಯಂತ ಶ್ರೀಮಂತ ಸಂಸ್ಥೆ. ನದಿಯಾಚೆಯ ಆಲ್‌ಸ್ಟನ್‌ನಲ್ಲಿ ಅದು ಹೆಸರು ಮರೆಸಿ 52 ಎಕರೆ ಕೊಂಡಿದ್ದು 1997ರಲ್ಲಿ ಬಯಲಾದಾಗ ಅಲ್ಲಿನ ಜನ ಕೆರಳಿದರು. ಮುಂದೆ ಬೃಹತ್ ವಿಜ್ಞಾನ ಸಂಕೀರ್ಣಕ್ಕೆ ಅಡಿಪಾಯವೆದ್ದಿತು. 2008ರ ಆರ್ಥಿಕ ಕುಸಿತದಲ್ಲಿ ದತ್ತಿನಿಧಿಗೆ ಒಂದೇ ವರ್ಷ ಶೇ 27ರಷ್ಟು ಹೊಡೆತ ಬಿದ್ದು, 2009ರ ಡಿಸೆಂಬರ್‌ನಲ್ಲಿ ಕೆಲಸ ನಿಲ್ಲಿಸುವುದಾಗಿ ಸಂಸ್ಥೆ ಘೋಷಿಸಿತು. ಅಡಿಪಾಯ ವರ್ಷಗಟ್ಟಲೆ ಹಾಗೆಯೇ ಬಿದ್ದಿತ್ತು. ಕಟ್ಟಡ ಪೂರ್ಣಗೊಳ್ಳಲು 2020ರವರೆಗೆ ಕಾಯಬೇಕಾಯಿತು. ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಹಂತಗಳಾಗಿ ಒಡೆಯುವುದು, ಪ್ರತಿ ಹಂತವೂ ಮುಂದಿನದು ಬಾರದಿದ್ದರೂ ತಾನೇ ಪೂರ್ಣವೆನಿಸುವಂತೆ ನೋಡಿಕೊಳ್ಳುವುದು ಶ್ರೀಮಂತರಿಗೂ ಬೇಕಾದ ಶಿಸ್ತು. ನೆರೆಹೊರೆಯ ವಿಷಯಕ್ಕೆ ಬಂದರೆ, 1968ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಪಕ್ಕದ ಸಾರ್ವಜನಿಕ ಉದ್ಯಾನದಲ್ಲಿ ವ್ಯಾಯಾಮಶಾಲೆ ಕಟ್ಟಲು ಹೊರಟು ಎದುರಿಸಿದ ಬಂಡಾಯ, ಕೈಬಿಡಬೇಕಾಗಿ ಬಂದ ಆ ಕಟ್ಟಡ ಎರಡೂ ಯೋಜಕರ ನೆನಪಿನಲ್ಲಿ ಇರಲೇಬೇಕು.

ಕೊನೆಯದಾಗಿ, ಯೋಜನೆ ಯಾರ ಕೈಯಲ್ಲಿ ಇರಬೇಕು ಎಂಬ ವಿಷಯ. ಕುಲಪತಿಯ ಅವಧಿ ಮೂರು, ನಾಲ್ಕು, ಹೆಚ್ಚೆಂದರೆ ಐದು ವರ್ಷ. ಸಲಹಾ ಸಂಸ್ಥೆಯ ಒಪ್ಪಂದ ಹದಿನೆಂಟು ತಿಂಗಳು. ಮೂವತ್ತು ವರ್ಷ ಆವರಣದಲ್ಲಿ ಇರುವವರು ಕಟ್ಟಡ ನಿರ್ವಹಣೆ ನೋಡಿಕೊಳ್ಳುವ ಎಂಜಿನಿಯರಿಂಗ್ ವಿಭಾಗದ ಕಿರಿಯ ನೌಕರರು, ತೋಟದವರು, ನೀರು ಬಿಡುವವರು. ನಾನೊಮ್ಮೆ ಒಂದು ವಿಶ್ವವಿದ್ಯಾಲಯದ ಆ ವಿಭಾಗದ ಕಚೇರಿಗೆ ಹೋಗಿದ್ದೆ. ಗೋಡೆಯ ಮೇಲೆ ಹೊಸ ಮಾಸ್ಟರ್ ಪ್ಲಾನಿನ ಹೊಳೆಯುವ ಹಾಳೆ ಇತ್ತು, ಅದರಲ್ಲಿ ಇನ್ನೂ ಕಟ್ಟದ ಕಟ್ಟಡಗಳ ನೆರಳನ್ನೂ ಬಿಡಿಸಿದ್ದರು. ಹೊರಗೆ ರಸ್ತೆಯನ್ನು ಅಗೆಯುತ್ತಿದ್ದರು; ಹೊಸ ಕೇಬಲ್ಲಿಗೆಂದು ತೋಡಿದ ಗುಂಡಿಯಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ನೀರಿನ ಕೊಳವೆಯೊಂದು ಒಡೆದಿತ್ತು. ಎಲ್ಲಿ ನಿಲ್ಲಿಸಬೇಕೆಂದು ಯಾರಿಗೂ ತಿಳಿಯದೆ, ಹಿಂದಿನ ವರ್ಷ ನಿವೃತ್ತರಾಗಿದ್ದ ಪ್ಲಂಬರ್ ಒಬ್ಬರಿಗೆ ಫೋನು ಮಾಡಿ ಕರೆಸಿದರು. ಅವರು ಜೇಬಿನಿಂದ ಅಂಚು ಮಡಚಿದ ಸಣ್ಣ ನೋಟ್‌ಬುಕ್ ತೆಗೆದರು. ಯಾವ ಮರದಿಂದ ಎಷ್ಟು ಹೆಜ್ಜೆ, ಯಾವ ಕಲ್ಲಿನ ಕೆಳಗೆ ಯಾವ ವಾಲ್ವ್ ಎಂದು ಅದರಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು. ಒಂದೆರಡು ಮರಗಳನ್ನು ಆಗಲೇ ಕಡಿದಿದ್ದರಿಂದ ಹೆಜ್ಜೆ ಎಲ್ಲಿಂದ ಎಣಿಸಬೇಕೆಂದು ಅವರೂ ಸ್ವಲ್ಪ ಹೊತ್ತು ನಿಂತು ಯೋಚಿಸಿದರು. ನೆಲದಡಿ ಏನಿದೆ ಎಂಬುದರ ಸಮೀಕ್ಷೆ, ಕಟ್ಟಿದ್ದನ್ನು ಕಟ್ಟಿದಂತೆಯೇ ತೋರಿಸುವ ನಕ್ಷೆ, ಅದನ್ನು ಪ್ರತಿ ಗುಂಡಿ ತೋಡಿದಾಗಲೂ ತಿದ್ದುವ ಕಾಯಂ ನೌಕರ, ಇವಿಷ್ಟಕ್ಕೆ ತಗಲುವ ವೆಚ್ಚ ಆ ಹೊಳೆಯುವ ಹಾಳೆಗಿಂತ ಮೊದಲು ಮಂಜೂರಾಗಬೇಕು. ಆ ನೋಟ್‌ಬುಕ್ಕಿನ ನಕಲು ತೆಗೆಯುವುದು ಮೊದಲ ವಾರದ ಕೆಲಸ.